ಅಡಿಕೆ ಸಸಿಯ ಆರ್ಡರ್ ಲಿಂಕ್: ‘&’ ನುಂಗಿದ್ದನ್ನು ಹೊರತೆಗೆದ ದುರಸ್ತಿ

ಬದಿಯಡ್ಕ ಕಡೆಯ ಒಂದು ನರ್ಸರಿಯ ಆರ್ಡರ್ ಪುಟದ ದುರಸ್ತಿ ಇದು. ತಳಿ, ಸಂಖ್ಯೆ, ವಿಳಾಸ ತುಂಬಿಸಿ ಬಟನ್ ಒತ್ತಿದರೆ ವಾಟ್ಸ್‌ಆ್ಯಪ್ ತೆರೆದುಕೊಂಡು, ತುಂಬಿದ್ದೆಲ್ಲ ಸಂದೇಶವಾಗಿ ಸಿದ್ಧವಿರಬೇಕು. ಅದೇ ವಿವರ ಹಿಂದಿನಿಂದ ಗೂಗಲ್ ಶೀಟಿಗೂ ಒಂದು ಸಾಲಾಗಿ ಹೋಗಬೇಕು. ಮಳೆ ಹಿಡಿದು ಸಸಿಗೆ ಬೇಡಿಕೆ ಏರುವ ಹೊತ್ತಿಗೆ ಕಂಡ ತೊಂದರೆ ಇಷ್ಟು: ಕೆಲವು ಆರ್ಡರ್ ಪೂರ್ತಿ ಬರುತ್ತವೆ, ಕೆಲವು ಅರ್ಧವೇ. ಸುಳ್ಯ, ಪುತ್ತೂರಿನವರದ್ದು ಸರಿ, ಪೆರ್ಲದವರದ್ದು ತಪ್ಪು ಅಂತೇನಿಲ್ಲ. ಫೋನಿಗೂ ನೆಟ್‌ವರ್ಕಿಗೂ ಸಂಬಂಧವಿಲ್ಲ. ಗಿರಾಕಿ ಏನು ಟೈಪ್ ಮಾಡಿದ ಎಂಬುದಕ್ಕೆ ಮಾತ್ರ ಸಂಬಂಧ.

ಕೋಡಿನ ತುಣುಕುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಯಂತ್ರಕ್ಕೆ ಹಾಕುವಾಗ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿಕೊಳ್ಳಿ. ಶೇಕಡಾ ಚಿಹ್ನೆಯ ಮುಂದೆ ಬರುವ ಎರಡು ಸ್ಥಾನ ಹದಿನಾರರ ಲೆಕ್ಕದ್ದು, ಅದರಲ್ಲಿ ಎ, ಬಿ, ಸಿ, ಡಿ, ಇ, ಎಫ್ ಎಂದರೆ 10ರಿಂದ 15.

ಗಿರಾಕಿ ಬರೆದದ್ದು (ಮೊದಲ ಎರಡು ಹೆಸರು ಅಡಿಕೆ ತಳಿಗಳದ್ದು):

ಮಂಗಳ & ಮೋಹಿತ್‌ನಗರ 50+10, ತೋಟ #2, 50% ಮುಂಗಡ

ನರ್ಸರಿಗೆ ತಲುಪಿದ್ದು:

ಮಂಗಳ

ಹಳೆಯ ಕೋಡು ಲಿಂಕನ್ನು ಹೀಗೆ ಕಟ್ಟುತ್ತಿತ್ತು:

ಲಿಂಕ್ = "ಎಚ್‌ಟಿಟಿಪಿಎಸ್://ಡಬ್ಲ್ಯುಎ.ಎಂಇ/91…?ಟೆಕ್ಸ್ಟ್=" + ಸಂದೇಶ

ಬ್ರೌಸರ್ ಈ ಸಾಲನ್ನು ಓದುವ ಕ್ರಮ ಗೊತ್ತಿದ್ದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಅದು ಮೊದಲು # ಹುಡುಕುತ್ತದೆ. # ಕಂಡಲ್ಲಿಂದ ಮುಂದಿನದ್ದೆಲ್ಲ ಪುಟದೊಳಗಿನ ಗುರುತು; ಅದು ಸರ್ವರಿಗೆ ಹೋಗುವುದೇ ಇಲ್ಲ. ಹಾಗಾಗಿ ‘2, 50% ಮುಂಗಡ’ ಫೋನಿನಲ್ಲೇ ಉಳಿಯಿತು. ಮಿಕ್ಕಿದ್ದನ್ನು ಆ ಕಡೆಯವರು & ಇದ್ದಲ್ಲಿ ಕತ್ತರಿಸಿ, ಪ್ರತಿ ತುಂಡನ್ನು = ಇದ್ದಲ್ಲಿ ಹೆಸರು–ಮೌಲ್ಯ ಎಂದು ಎರಡು ಮಾಡುತ್ತಾರೆ; ಇಂಥ ಒಂದು ಜೋಡಿಯೇ ಪ್ಯಾರಾಮೀಟರ್. ‘ಟೆಕ್ಸ್ಟ್’ಗೆ ಸಿಕ್ಕಿದ್ದು ‘ಮಂಗಳ’ ಮಾತ್ರ. ‘ಮೋಹಿತ್‌ನಗರ 50+10, ತೋಟ’ ಎಂಬ ಇಡೀ ತುಂಡು, ಮೌಲ್ಯವೇ ಇಲ್ಲದ ಎರಡನೇ ಪ್ಯಾರಾಮೀಟರಿನ ಹೆಸರಾಯಿತು. ಆ ಹೆಸರಿನ ಪ್ಯಾರಾಮೀಟರ್ ಯಾರಿಗೂ ಬೇಡ, ಆದ್ದರಿಂದ ಬಿಸಾಡಿದರು. ಎಲ್ಲೂ ಎರರ್ ಬರಲಿಲ್ಲ. ಈ ತಪ್ಪಿನ ಕೆಟ್ಟ ಗುಣವೇ ಅದು.

ಇಲ್ಲಿ ಕೆಲವರು ಮಾಡುವ ಉಪಾಯ, & ಬದಲು ‘ಮತ್ತು’ ಎಂದು ಬದಲಾಯಿಸಿಬಿಡುವುದು. ಮಾಡಿ ನೋಡಿದರೆ ಸಂದೇಶ ಸ್ವಲ್ಪ ಮುಂದೆ ಹೋಗಿ ‘50 10, ತೋಟ’ ಎಂದು ನಿಲ್ಲುತ್ತದೆ. ವೆಬ್ ಫಾರ್ಮುಗಳು ವಿವರ ಕಳುಹಿಸುವ ಪದ್ಧತಿಯಲ್ಲಿ, ಅಂದರೆ ಫಾರ್ಮಿನ ಪದ್ಧತಿಯಲ್ಲಿ, + ಎಂದರೆ ಖಾಲಿ ಜಾಗ. ಐವತ್ತು ಸಸಿ, ಸತ್ತದ್ದಕ್ಕೆ ಬದಲಿಯಾಗಿ ಹತ್ತು ಎಂದು ಬರೆದದ್ದು, ಅವಸರದಲ್ಲಿ ಓದುವವನಿಗೆ ಐದು ಸಾವಿರದ ಹತ್ತು. ಒಂದೊಂದೇ ಚಿಹ್ನೆಗೆ ತೇಪೆ ಹಾಕುವ ದಾರಿ ಮುಗಿಯುವುದಲ್ಲ.

ವಿಳಾಸದಲ್ಲಿ ತಮ್ಮದೇ ಕೆಲಸವಿರುವ ಮೀಸಲು ಚಿಹ್ನೆಗಳು ಯಾವುವು ಎಂದು ಅಂತರ್ಜಾಲದ ನಿಯಮದ ದಾಖಲೆ, 2005ರ ಜನವರಿಯ ಆರ್‌ಎಫ್‌ಸಿ 3986 ಹೇಳುತ್ತದೆ. ಟಿಮ್ ಬರ್ನರ್ಸ್-ಲೀ, ರಾಯ್ ಫೀಲ್ಡಿಂಗ್, ಲ್ಯಾರಿ ಮ್ಯಾಸಿಂಟರ್ ಬರೆದದ್ದು. ವಿಳಾಸದ ದೊಡ್ಡ ಭಾಗಗಳನ್ನು ಬೇರೆ ಮಾಡುವವು ಏಳು:

: / ? # [ ] @

ಒಳಗಿನ ತುಂಡುಗಳನ್ನು ಬೇರೆ ಮಾಡಲು ಕಾದಿಟ್ಟವು ಹನ್ನೊಂದು:

! $ & ' ( ) * + , ; =

ಯಾವ ತಕರಾರೂ ಇಲ್ಲದೆ ಹಾಗೇ ಬರೆಯಬಹುದಾದವು ಇಂಗ್ಲಿಷಿನ ದೊಡ್ಡ–ಚಿಕ್ಕ ಅಕ್ಷರಗಳು, ಅಂಕಿಗಳು, ಜೊತೆಗೆ - . _ ~ ಈ ನಾಲ್ಕು: ಒಟ್ಟು 66. ಖಾಲಿ ಜಾಗ, % ಚಿಹ್ನೆ, ಕನ್ನಡ, ಮಲಯಾಳ ಎಲ್ಲವೂ ಈ 66ರ ಹೊರಗೆ. ಮೀಸಲು ಎಂದರೆ ನಿಷಿದ್ಧ ಎಂದಲ್ಲ. & ತನ್ನ ಕೆಲಸಕ್ಕೆ ಬಂದಿದ್ದರೆ ಹಾಗೇ ನಿಲ್ಲಬೇಕು; ಗಿರಾಕಿಯ ಮಾತಾಗಿ ಬಂದಿದ್ದರೆ %26 ಎಂಬ ವೇಷ ಹಾಕಬೇಕು, ಅಂದರೆ ಎನ್‌ಕೋಡ್ ಆಗಬೇಕು. ಯಾವ & ಯಾರದ್ದು ಎಂಬ ಭೇದ ಗೊತ್ತಿರುವುದು ಲಿಂಕನ್ನು ಜೋಡಿಸುವ ಆ ಒಂದು ಕ್ಷಣದಲ್ಲಿ ಮಾತ್ರ. ಜೋಡಿಸಿ ಮುಗಿದ ಮೇಲೆ ದೇವರೇ ಬಂದರೂ ಬಿಡಿಸಲಾಗದು. ಆದ್ದರಿಂದ ವೇಷ ಕಟ್ಟುವುದು ಅಲ್ಲೇ, ಪ್ರತಿ ಮೌಲ್ಯಕ್ಕೆ ಬೇರೆಬೇರೆಯಾಗಿ, ಒಂದೇ ಸಲ.

ಮೊದಲ ದುರಸ್ತಿ ಈ ಮಾತನ್ನು ಮೀರಿತು, ಕೆಟ್ಟಿತು. ಜಾವಾಸ್ಕ್ರಿಪ್ಟಿನ ಎನ್‌ಕೋಡ್‌ಯುಆರ್‌ಐ ಎಂಬುದನ್ನು ಇಡೀ ಲಿಂಕಿಗೆ ಹಚ್ಚಿದ್ದು. ‘ಮಂಗಳ 50’ ಎಂದು ಪರೀಕ್ಷಿಸಿದರೆ ಚೆನ್ನಾಗಿಯೇ ಕೆಲಸ ಮಾಡಿತು: ಕನ್ನಡ ಕೋಡಾಯಿತು, ಖಾಲಿ ಜಾಗ %20 ಆಯಿತು. ಆದರೆ ಆ ಫಂಕ್ಷನ್ ಇರುವುದೇ ಪೂರ್ತಿ ವಿಳಾಸಕ್ಕೆ; & = + # ? / ಇವನ್ನೆಲ್ಲ ಅದು ಬೇಕೆಂದೇ ಮುಟ್ಟುವುದಿಲ್ಲ. ಎರಡು ತಳಿಯ ಆರ್ಡರ್ ಬಂದಾಗ ಮತ್ತೆ ಅದೇ ‘ಮಂಗಳ’.

ಎರಡನೇ ಯತ್ನದಲ್ಲಿ ಮೌಲ್ಯಕ್ಕೆ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಹಚ್ಚಿದ್ದು ಸರಿ. ಆದರೆ ಹೊರಗಿನ ಹಳೆಯ ಎನ್‌ಕೋಡ್‌ಯುಆರ್‌ಐ ಹಾಗೇ ಉಳಿದಿತ್ತು. ಒಳಗಿನದ್ದು & ಅನ್ನು %26 ಮಾಡಿತು, ಹೊರಗಿನದ್ದು ಆ % ಅನ್ನೇ ಹಿಡಿದು %25 ಮಾಡಿತು: %2526. ಆ ಕಡೆ ಈ ವೇಷವನ್ನು ಒಂದೇ ಸಲ ಬಿಚ್ಚುತ್ತಾರೆ, ಆದ್ದರಿಂದ ಸಂದೇಶದ ಪೆಟ್ಟಿಗೆಯಲ್ಲಿ ಅಕ್ಷರವೇ ಇಲ್ಲದೆ ಶೇಕಡಾ ಚಿಹ್ನೆಗಳ ಸಾರು.

ಲಕ್ಷಣ ನೋಡಿ ರೋಗ ಹೇಳುವುದು ಇಲ್ಲಿ ಕಷ್ಟವಲ್ಲ. ಮಾತು ನಡುವೆ ತುಂಡಾಗಿದ್ದರೆ ಎನ್‌ಕೋಡ್ ಆಗಿಯೇ ಇಲ್ಲ. ಓದುವಲ್ಲಿ %20 ಅಥವಾ %ಇ0 ಕಾಣಿಸಿದರೆ ಎರಡು ಸಲ ಆಗಿದೆ. ಪದಗಳ ನಡುವೆ + ಕಾಣಿಸಿದರೆ ಕಟ್ಟಿದವರು ಫಾರ್ಮಿನ ಪದ್ಧತಿಯವರು, ಬಿಚ್ಚಿದವರು ಅಲ್ಲ. ಇರಬೇಕಾದ + ಮಾಯವಾಗಿದ್ದರೆ ಅದು ತಿರುವುಮುರುವು.

ಈಗಿನ ಕೋಡು:

ವೇಷ(ಮೌಲ್ಯ) = ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್(ಮೌಲ್ಯ.ನಾರ್ಮಲೈಸ್("ಎನ್‌ಎಫ್‌ಸಿ")), ಆಮೇಲೆ ! ' ( ) * ಈ ಐದನ್ನು %21 %27 %28 %29 %2ಎ ಎಂದು ಬದಲಿಸು

ಲಿಂಕ್ = ಬುಡ + "?ಟೆಕ್ಸ್ಟ್=" + ವೇಷ(ಸಂದೇಶ)

‘ಬುಡ’ ಎಂದರೆ ಲಿಂಕಿನ ಮೊದಲ, ಬದಲಾಗದ ಭಾಗ; ಎನ್‌ಎಫ್‌ಸಿಯ ಮಾತು ಮುಂದೆ, ಕನ್ನಡದ ಪಾಲಿನಲ್ಲಿ. ಕೊನೆಯ ಐದು ಯಾಕೆ ಪ್ರತ್ಯೇಕ? ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ 1998ರ ಆರ್‌ಎಫ್‌ಸಿ 2396ರ ಕಾಲದ ಪಟ್ಟಿಯನ್ನು ಹಿಡಿದಿದೆ. ಆಗ ಆ ಐದು ಮೀಸಲಾಗಿರಲಿಲ್ಲ. 2005ರಲ್ಲಿ ಮೀಸಲಾದವು, ಫಂಕ್ಷನ್ ಬದಲಾಗಲಿಲ್ಲ. ಸಾಮಾನ್ಯವಾಗಿ ತೊಂದರೆಯಿಲ್ಲ, ತೊಂದರೆ ಬರುವುದು ಲಿಂಕನ್ನು ಸಂದೇಶದಲ್ಲಿ ಅಂಟಿಸಿದಾಗ. ‘ಮಂಗಳ (ಪಾಲಿಬ್ಯಾಗ್)’ ಎಂದು ಮುಗಿಯುವ ಲಿಂಕಿನ ಕೊನೆಯ ಆವರಣವನ್ನು ಹಲವು ಆ್ಯಪ್‌ಗಳು ವಾಕ್ಯದ್ದೆಂದು ತಿಳಿದು ಲಿಂಕಿನಿಂದ ಹೊರಗೆ ಬಿಡುತ್ತವೆ. %29 ಆದರೆ ಆ ಅನುಮಾನಕ್ಕೆ ಜಾಗವಿಲ್ಲ.

ಸಂದೇಶದಲ್ಲಿ ಸಾಲು ಬದಲಾಗಬೇಕಾದರೆ %0ಎ. ಕೋಡಿನಲ್ಲಿ ಮಾಮೂಲಿನ ಸಾಲುಮುರಿವನ್ನೇ ಸಂದೇಶಕ್ಕೆ ಸೇರಿಸಿ ‘ವೇಷ’ಕ್ಕೆ ಕೊಟ್ಟರೆ ಅದೇ ಮಾಡಿಕೊಳ್ಳುತ್ತದೆ. ಕೈಯಾರೆ %0ಎ ಬರೆದು ಆಮೇಲೆ ಎನ್‌ಕೋಡ್ ಮಾಡಿದರೆ ಮತ್ತೆ %250ಎ. ಫೋನ್ ಸಂಖ್ಯೆ ಇರುವುದು ಪ್ಯಾರಾಮೀಟರಿನಲ್ಲಲ್ಲ, ವಿಳಾಸದ ದಾರಿಯಲ್ಲಿ, ಅಂದರೆ ? ಬರುವ ಮೊದಲಿನ ಭಾಗದಲ್ಲಿ. ಅಲ್ಲಿ + ಆಗಲಿ ಮುಂದಿನ ಸೊನ್ನೆಯಾಗಲಿ ಬೇಡ, 91ರಿಂದ ಶುರುವಾಗುವ ಬರಿಯ ಅಂಕಿಗಳು ಸಾಕು.

ಎಸ್ಕೇಪ್ ಎಂಬ ಹಳೆಯ ಫಂಕ್ಷನ್ ಇನ್ನೂ ಕೆಲವು ಪುಟಗಳಲ್ಲಿ ಸಿಗುತ್ತದೆ. ಅದು ‘ಕ’ವನ್ನು %ಯು0ಸಿ95 ಎಂದು ಬರೆಯುತ್ತದೆ, + ಅನ್ನು ಮುಟ್ಟುವುದೇ ಇಲ್ಲ. ಕಂಡಲ್ಲಿ ಕಿತ್ತುಹಾಕಿ.

ಶೀಟಿಗೆ ಹೋಗುವ ಲಿಂಕಿನಲ್ಲಿ ಮೌಲ್ಯಗಳು ಆರು, ಆದ್ದರಿಂದ ಅಲ್ಲಿ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ ಬಳಸಿದರೆ ಅಚ್ಚುಕಟ್ಟು: ಹೆಸರು, ಮೌಲ್ಯ ಸೇರಿಸುತ್ತ ಹೋದರೆ & = ಅದೇ ಹಾಕಿಕೊಳ್ಳುತ್ತದೆ. ಅದು ಫಾರ್ಮಿನ ಪದ್ಧತಿಯದು, ಖಾಲಿ ಜಾಗಕ್ಕೆ + ಹಾಕುತ್ತದೆ. ಸರ್ವರ್ ಸ್ಕ್ರಿಪ್ಟಿಗೆ ಅದು ಅರ್ಥವಾಗುತ್ತದೆ; ಬೇರೆ ಆ್ಯಪಿಗೆ ಹೋಗುವ ಲಿಂಕಿಗೆ ಅದನ್ನು ನೆಚ್ಚಬಾರದು. %20 ಎರಡೂ ಪದ್ಧತಿಯವರಿಗೆ ಖಾಲಿ ಜಾಗವೇ. ಇದನ್ನೇ ಎಲ್ಲ ಕಡೆ ಬಳಸಬೇಕೆಂದರೆ, ಸಿದ್ಧವಾದ ಸಾಲಿನಲ್ಲಿ + ಇದ್ದಲ್ಲೆಲ್ಲ %20 ಹಾಕಬಹುದು. ಅಪಾಯವಿಲ್ಲ, ಗಿರಾಕಿಯ ನಿಜವಾದ + ಅಷ್ಟು ಹೊತ್ತಿಗೆ %2ಬಿ ಆಗಿ ಕೂತಿರುತ್ತದೆ. ಪಿಎಚ್‌ಪಿಯಲ್ಲಿ ಇದೇ ಜೋಡಿ ಯುಆರ್‌ಎಲ್‌ಎನ್‌ಕೋಡ್ ಮತ್ತು ರಾಯುಆರ್‌ಎಲ್‌ಎನ್‌ಕೋಡ್. ಪೈಥಾನಿನಲ್ಲಿ ಕೋಟ್_ಪ್ಲಸ್ ಮತ್ತು ಕೋಟ್. ಪೈಥಾನಿನ ಕೋಟ್ ತಾನಾಗಿ / ಅನ್ನು ಬಿಟ್ಟುಬಿಡುತ್ತದೆ, ಬೇಡವಾದರೆ ಸೇಫ್ ಎಂಬಲ್ಲಿ ಖಾಲಿ ಕೊಡಬೇಕು.

ಆ / ವಿಷಯ ಕೇರಳದ ವಿಳಾಸಕ್ಕೆ ತಟ್ಟುತ್ತದೆ. ಇಲ್ಲಿನ ಪಂಚಾಯತ್ ಮನೆ ನಂಬರಿನಲ್ಲೇ ವಾರ್ಡ್ ಮತ್ತು ಮನೆಯ ನಡುವೆ ಓರೆಗೆರೆ ಇದೆ, ಸರ್ವೆ ನಂಬರಿನಲ್ಲೂ ಅಷ್ಟೇ. ? ಆದ ಮೇಲಿನ ಭಾಗದಲ್ಲಿ / ಮತ್ತು ? ಹಾಗೇ ಇರಬಹುದು, ಎನ್‌ಕೋಡ್ ಆದರೂ ನಷ್ಟವಿಲ್ಲ. ದಾರಿಯ ಭಾಗದಲ್ಲಿ ಮಾತ್ರ ಹಾಕಬೇಡಿ: ಅಪಾಚಿ ಸರ್ವರ್ ದಾರಿಯಲ್ಲಿ %2ಎಫ್ ಕಂಡರೆ, ಸೆಟ್ಟಿಂಗ್ ಬದಲಿಸದಿದ್ದಲ್ಲಿ, ‘ಪುಟ ಸಿಗಲಿಲ್ಲ’ ಎಂಬ 404 ನೇರ ಕೊಡುತ್ತದೆ.

ಬಿಚ್ಚುವ ಕಡೆ ಇನ್ನೊಂದು ಗಂಟು ಸಿಕ್ಕಿತು. ಶೀಟಿಗೆ ಜೋಡಿಸಿದ ಕೋಡಿನಲ್ಲಿ, ಅಂದರೆ ಆ್ಯಪ್ಸ್ ಸ್ಕ್ರಿಪ್ಟಿನಲ್ಲಿ, ಇ.ಪ್ಯಾರಾಮೀಟರ್ ಕೊಡುವ ಮೌಲ್ಯ ಆಗಲೇ ಬಿಚ್ಚಿದ್ದು. ಹಳೆಯ ಸ್ಕ್ರಿಪ್ಟ್ ‘ಒಂದು ಸಲ ಹೆಚ್ಚಿಗೆ ಇರಲಿ’ ಎಂದು ಅದನ್ನು ಮತ್ತೆ ಡಿಕೋಡ್‌ಯುಆರ್‌ಐಕಾಂಪೊನೆಂಟಿಗೆ ಕೊಡುತ್ತಿತ್ತು. ‘ಮಂಗಳ 50’ಕ್ಕೆ ಅದರಿಂದ ಏನೂ ಆಗುವುದಿಲ್ಲ. ‘50% ಮುಂಗಡ’ ಬಂದರೆ % ಆದ ಮೇಲೆ ಎರಡು ಅಂಕಿ ಇಲ್ಲದ್ದರಿಂದ ಯುಆರ್‌ಐಎರರ್ ಎಂದು ಸ್ಕ್ರಿಪ್ಟ್ ನಿಂತು, ಇಡೀ ಸಾಲು ಶೀಟಿಗೆ ಸೇರುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಎರರ್ ಬಾರದಿರುವುದು: ‘50%20 ಸಸಿಗೆ’ ಎಂದು ಒತ್ತೊತ್ತಿ ಬರೆದವರ ಮುಂಗಡ, ಎರಡನೇ ಬಿಚ್ಚುವಿಕೆಯಲ್ಲಿ ‘50  ಸಸಿಗೆ’ ಆಗುತ್ತದೆ. %20 ಖಾಲಿ ಜಾಗವಾಗಿ, ಇಪ್ಪತ್ತು ಸಸಿಯ ಆರ್ಡರ್ ಐವತ್ತಾಯಿತು. ಪಿಎಚ್‌ಪಿಯ ಗೆಟ್ ಪಟ್ಟಿಯೂ ಬಿಚ್ಚಿಯೇ ಕೊಡುತ್ತದೆ. ಕೈಯಾರೆ ಬಿಚ್ಚುವ ಪ್ರಸಂಗ ಬಂದರೆ ಮೊದಲು & ಮತ್ತು = ಇದ್ದಲ್ಲಿ ಕತ್ತರಿಸಿ ಆಮೇಲೆ ಬಿಚ್ಚಬೇಕು; ಮೊದಲೇ ಬಿಚ್ಚಿದರೆ %26 ಮತ್ತೆ & ಆಗಿ ಹೊಸ ಕತ್ತರಿ.

ಶೀಟಿನಿಂದಲೇ ಉತ್ತರದ ಲಿಂಕ್ ಮಾಡುವುದು ಸುಲಭ, ಸೂತ್ರ ಹೀಗೆ:

=ಹೈಪರ್‌ಲಿಂಕ್("…/91…?ಟೆಕ್ಸ್ಟ್=" & ಎನ್‌ಕೋಡ್‌ಯುಆರ್‌ಎಲ್(ಸಿ2); "ಉತ್ತರಿಸು")

ಇಲ್ಲಿನ & ಶೀಟಿನ ಜೋಡಣೆಯ ಚಿಹ್ನೆ, ಉಲ್ಲೇಖ ಚಿಹ್ನೆಯ ಹೊರಗಿದೆ; ಲಿಂಕಿನ & ಬೇಕಾದರೆ ಒಳಗೆ ಬರೆಯಬೇಕು. ಎರಡನ್ನೂ ಅದಲುಬದಲು ಮಾಡಿ ಗಂಟೆಗಟ್ಟಲೆ ಕೂರುವುದು ಸಾಮಾನ್ಯ. ಸೂತ್ರದಲ್ಲಿ ಅರ್ಧವಿರಾಮ ಬೇಕೋ ಅಲ್ಪವಿರಾಮ ಬೇಕೋ ಎಂಬುದು ಶೀಟಿನ ಪ್ರದೇಶದ ಸೆಟ್ಟಿಂಗ್ ಮೇಲೆ.

ಇನ್ನು ಕನ್ನಡದ ಪಾಲು. ಕನ್ನಡದ ಪ್ರತಿ ಸಂಕೇತ, ಎಲ್ಲ ಲಿಪಿಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಮೂರು ಬೈಟು, ಲಿಂಕಿನಲ್ಲಿ ಪ್ರತಿ ಬೈಟಿಗೆ ಮೂರು ಸ್ಥಾನ: ಒಂದಕ್ಕೆ ಒಂಬತ್ತು. ‘ಮ’ ಎಂದರೆ %ಇ0%ಬಿ2%ಎಇ. ‘ಮಂಗಳ’ದಲ್ಲಿ ಮ, ಅನುಸ್ವಾರ, ಗ, ಳ ಎಂದು ನಾಲ್ಕು ಸಂಕೇತ, 36 ಸ್ಥಾನ. ‘ಕಾಸರಗೋಡು’ ಎಂಟು, 72. ಕೋಡಿನ ರಾಶಿ ನೋಡಿಯೇ ಭಾಷೆ ಹೇಳಬಹುದು: ಇ0 ಆದ ಮೇಲೆ ಬಿ2 ಅಥವಾ ಬಿ3 ಇದ್ದರೆ ಕನ್ನಡ, ಬಿ4 ಅಥವಾ ಬಿ5 ಇದ್ದರೆ ಮಲಯಾಳ. ಎರಡು ಭಾಷೆಯ ಗಿರಾಕಿಗಳಿರುವ ಊರಿನಲ್ಲಿ ಲಾಗ್ ಓದುವಾಗ ಇದು ತುಂಬ ಅನುಕೂಲ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಕನ್ನಡದ್ದೇ ಲೆಕ್ಕ. 2024ರ ಯುನಿಕೋಡ್ 16ರಲ್ಲಿ ಸೇರಿದ ತುಳು–ತಿಗಳಾರಿ ಲಿಪಿಯಲ್ಲಿ ಬರೆದರೆ ಬೈಟು ನಾಲ್ಕು, ಸ್ಥಾನ ಹನ್ನೆರಡು.

‘ಮೋಹಿತ್‌ನಗರ’ದಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತವಿದೆ, ‘ತ್’ ಮತ್ತು ‘ನ’ ಕೂಡಿ ಒತ್ತಕ್ಷರವಾಗದಂತೆ ತಡೆಯುವ ವಿಯೋಜಕ: %ಇ2%80%8ಸಿ. ಕೆಲವು ಕೀಲಿಮಣೆ ಅದನ್ನು ಹಾಕುತ್ತದೆ, ಕೆಲವು ಹಾಕದೆ ‘ಮೋಹಿತ್ನಗರ’ ಎಂದು ಬರುತ್ತದೆ. ಎರಡೂ ಲಿಂಕಿನಲ್ಲಿ ಸರಿಯಾಗಿಯೇ ಹೋಗುತ್ತವೆ, ಆದರೆ ಶೀಟಿನ ಫಿಲ್ಟರಿಗೆ ಅವು ಎರಡು ಬೇರೆ ತಳಿ. ‘ೋ’ ಸ್ವರಚಿಹ್ನೆಯೂ ಒಂದೇ ಸಂಕೇತವಾಗಿ ಅಥವಾ ಮೂರು ತುಂಡಾಗಿ ಬರಬಹುದು. ‘ವೇಷ’ದೊಳಗಿನ ಎನ್‌ಎಫ್‌ಸಿ ಅದನ್ನು ಒಂದಾಗಿಸುತ್ತದೆ. ವಿಯೋಜಕವನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಆದ್ದರಿಂದ ತಳಿಯ ಹೆಸರನ್ನು ಟೈಪ್ ಮಾಡಿಸುವುದನ್ನೇ ಬಿಟ್ಟು, ಆಯ್ಕೆ ಪಟ್ಟಿ ಇಟ್ಟು, ಶೀಟಿಗೆ ಎರಡಕ್ಷರದ ಇಂಗ್ಲಿಷ್ ಸಂಕೇತ ಕಳುಹಿಸಿದ್ದು. ಕನ್ನಡ ಹೆಸರು ಓದುವವರಿಗಾಗಿ ಸಂದೇಶದಲ್ಲಿ ಮಾತ್ರ.

ತೆಂಗಿನ ಮಿಶ್ರತಳಿಗೆ × ಬೇಕು. ಚಂದ್ರಸಂಕರ ಕುಳ್ಳ×ಎತ್ತರ, ಕೇರಸಂಕರ ಎತ್ತರ×ಕುಳ್ಳ. ತಾಯಿ ಮೊದಲು, ಹಿಂದುಮುಂದಾದರೆ ಸಸಿಯೇ ಬೇರೆ. × ಮೀಸಲು ಚಿಹ್ನೆಯಲ್ಲ, ಆದರೆ 66ರಲ್ಲೂ ಇಲ್ಲ: %ಸಿ3%97. ಪುಟದ ತಲೆಯಲ್ಲಿ ಯುಟಿಎಫ್-8 ಎಂಬ ಘೋಷಣೆ ಬಿಟ್ಟುಹೋಗಿದ್ದಾಗ ಬ್ರೌಸರ್ ಇದನ್ನು ಹಳೆಯ ಪಾಶ್ಚಾತ್ಯ ಸಂಕೇತವಿಧಾನದಲ್ಲಿ %ಡಿ7 ಎಂದು ಕಳುಹಿಸಿತು. ‘ಮ’ ಆ ವಿಧಾನದಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಫಾರ್ಮು ಅದನ್ನು %26%233246%3ಬಿ ಎಂದು, ಅಂದರೆ ಎಚ್‌ಟಿಎಂಎಲ್‌ನ ಅಂಕಿರೂಪದಲ್ಲಿ, ಕಳುಹಿಸಿತು. ಶೀಟಿನಲ್ಲಿ ಅಂಕಿಗಳ ಮಾಲೆ ಕಂಡರೆ ನೋಡಬೇಕಾದ್ದು ಎನ್‌ಕೋಡ್ ಫಂಕ್ಷನನ್ನಲ್ಲ, ತಲೆಯ ಆ ಒಂದು ಸಾಲನ್ನು.

ಬಟನ್ ಒತ್ತಿದರೆ ಏನೂ ಆಗದ ಒಂದು ದೂರಿಗೆ ಕಾರಣ ಬೇರೆಯೇ. ಸಂದೇಶ ಉದ್ದವಾಗದಂತೆ 200ಕ್ಕೆ ಕತ್ತರಿಸುವ ಸಾಲೊಂದಿತ್ತು. 200ನೇ ಜಾಗದಲ್ಲಿ ತಾಳೆಮರದ ಇಮೋಜಿ 🌴 ಬಂದರೆ ಅದು ಎರಡು ಹೋಳಾಗುತ್ತದೆ, ಜಾವಾಸ್ಕ್ರಿಪ್ಟಿನಲ್ಲಿ ಅದು ಎರಡು ಘಟಕ. ಅರ್ಧ ಇಮೋಜಿಯನ್ನು ಎನ್‌ಕೋಡ್ ಮಾಡಲಾಗದೆ ಯುಆರ್‌ಐಎರರ್. ಅರೇ.ಫ್ರಮ್ ಮೂಲಕ ಸಂಕೇತಗಳಾಗಿ ಬಿಡಿಸಿ ಕತ್ತರಿಸಿದರೆ ಸರಿ. ಎನ್‌ಕೋಡ್ ಆದ ಮೇಲೆ ಎಂದೂ ಕತ್ತರಿಸಬಾರದು. ಕನ್ನಡದ ಒಂಬತ್ತು ಸ್ಥಾನದ ನಡುವೆ ಕತ್ತರಿ ಬಿದ್ದರೆ ಬಿಚ್ಚುವವನಿಗೆ ಅದೇ ಗತಿ.

ರಸ್ತೆ ಬದಿಯ ಬೋರ್ಡಿನ ಕ್ಯೂಆರ್‌ಗೆ ಉದ್ದವೇ ಶತ್ರು. ಬುಡ 40 ಸ್ಥಾನ, ‘ಮೋಹಿತ್‌ನಗರ’ 90, ಒಟ್ಟು 130. ಮಧ್ಯಮ ದೋಷನಿವಾರಣೆಯಲ್ಲಿ 122 ಹಿಡಿಯುವ 7ನೇ ಆವೃತ್ತಿ ಸಾಲದು, 152 ಹಿಡಿಯುವ 8ನೆಯದು ಬೇಕು: 49×49 ಚೌಕ. ಎರಡಕ್ಷರದ ಸಂಕೇತ ಹಾಕಿದರೆ 62 ಹಿಡಿಯುವ 4ನೇ ಆವೃತ್ತಿ ಸಾಕು, 33×33. ಹತ್ತು ಸೆಂಟಿಮೀಟರ್ ಅಚ್ಚಿನಲ್ಲಿ ಮೊದಲನೆಯದರ ಚೌಕ 2 ಮಿಲಿಮೀಟರ್, ಎರಡನೆಯದರದ್ದು 3. ತೋಟದ ನೆರಳಿನಲ್ಲಿ, ಮಳೆನೀರು ಇಳಿಯುವ ಬೋರ್ಡಿನ ಮೇಲೆ, ಆ ಒಂದು ಮಿಲಿಮೀಟರ್ ದೊಡ್ಡದು. ಎಸ್‌ಎಂಎಸ್‌ಗೂ ಇದೇ ಮಾತು. ಸಂದೇಶದಲ್ಲಿ ಒಂದು ಕನ್ನಡ ಅಕ್ಷರ ಇದ್ದರೂ ಮಿತಿ 160ರಿಂದ 70ಕ್ಕೆ ಇಳಿಯುತ್ತದೆ, ಅದರೊಳಗೆ ‘ಕಾಸರಗೋಡು’ ಎನ್‌ಕೋಡ್ ಆಗಿ ಬಂದರೆ ಅದೊಂದೇ 72.

ಮುಂಗಡಕ್ಕೆ ಇಟ್ಟ ಯುಪಿಐ ಲಿಂಕಿನಲ್ಲಿ ಮೊತ್ತ 2500.00 ಎಂದೇ ಇರಲಿ, ಅಲ್ಪವಿರಾಮ ಬೇಡ. ವಿಳಾಸದ @ ಪ್ರಶ್ನೆಚಿಹ್ನೆಯ ನಂತರ ಬರುವುದರಿಂದ ಹಾಗೇ ಇರಬಹುದು. ಹೆಸರು ಮತ್ತು ಟಿಪ್ಪಣಿಯ ಖಾಲಿ ಜಾಗಕ್ಕೆ %20, + ಅಲ್ಲ. ಟಿಪ್ಪಣಿಯಲ್ಲಿ ಆರ್ಡರ್ ಸಂಖ್ಯೆ ಬಿಟ್ಟು ಬೇರೇನೂ ಬರೆಯದಿರುವುದೇ ಕ್ಷೇಮ.

ಪುಟ ಬದಲಾದಾಗಲೆಲ್ಲ ಓಡಿಸಲು ಇಟ್ಟುಕೊಂಡ ಪರೀಕ್ಷೆಯ ಸಾಲು ಇದು, ವಿಳಾಸದ ಜಾಗಕ್ಕೆ ಹಾಗೇ ಅಂಟಿಸುವುದು:

ಮಂಗಳ & ಮೋಹಿತ್‌ನಗರ 50+10; ತೋಟ #2, ಮನೆ 5/212; ಕುಳ್ಳ×ಎತ್ತರ = 50%20 ಸಸಿಗೆ? 'ಬೇಗ' 🌴 (ಪಾಲಿಬ್ಯಾಗ್)

ವಾಟ್ಸ್‌ಆ್ಯಪ್ ಪೆಟ್ಟಿಗೆಯಲ್ಲೂ ಶೀಟಿನ ಕೋಶದಲ್ಲೂ ಇದು ಒಂದಕ್ಷರ ಬಿಡದೆ ಬರಬೇಕು. ಬ್ರೌಸರಿನ ವಿಳಾಸಪಟ್ಟಿ ನೋಡಿ ತೀರ್ಮಾನಿಸಬೇಡಿ. ಅದು ಓದುವವರ ಅನುಕೂಲಕ್ಕೆ ಕನ್ನಡವನ್ನು ಬಿಚ್ಚಿ ತೋರಿಸುತ್ತದೆ, ನಕಲು ಮಾಡಿದಾಗ ಬೇರೆ ಕೊಡುತ್ತದೆ. ನಿಜವಾಗಿ ಹೋದದ್ದು ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಹಾಳೆಯಲ್ಲಿದೆ. ಅಲ್ಲಿ %2526 ಇಲ್ಲದೆ %26 ಒಂದೇ ಕಂಡರೆ, %2ಬಿ ಇದ್ದಲ್ಲಿ ಇದ್ದರೆ, %23 ಆದ ಮೇಲೂ ಸಾಲು ಮುಂದುವರಿದಿದ್ದರೆ ಪುಟವನ್ನು ಬಿಡಬಹುದು.